ಮರೆಯಲಾಗದವರ ವೈದ್ಯ, ಮರೆತುಹೋದ ಜಾನೆ

1947ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿದ್ದರು. ನಗರದ ದಿನಪತ್ರಿಕೆಗಳು ಹೊರಬರುತ್ತಿರಲಿಲ್ಲ. ಅದೇ ತಿಂಗಳು 87 ವರ್ಷದ ಪಿಯರ್ ಜಾನೆ ನಿಧನರಾದರು. ಫ್ರಾನ್ಸಿನ ಅತ್ಯುನ್ನತ ವಿದ್ಯಾಪೀಠವಾದ ಕೊಲೆಜ್ ದ ಫ್ರಾನ್ಸ್‌ನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಮನಶ್ಶಾಸ್ತ್ರ ಬೋಧಿಸಿದ್ದ ವಿದ್ವಾಂಸರ ಸಾವು ಹೀಗೆ ಬಹುಮಟ್ಟಿಗೆ ಸುದ್ದಿಯಾಗದೆ ಉಳಿಯಿತು. ಪತ್ರಿಕೆಗಳು ಮರಳಿ ಬರುವ ಹೊತ್ತಿಗೆ ಅದು ಹಳೆಯ ವಿಷಯವಾಗಿತ್ತು. ಜಗತ್ತು ಅವರನ್ನು ಮರೆಯತೊಡಗಿದ್ದು ಅದಕ್ಕೂ ಬಹಳ ಹಿಂದೆಯೇ. ಆ ಮರೆವಿನ ಬೆಲೆಯನ್ನು ತೆತ್ತವರು ರೋಗಿಗಳು ಎಂಬುದು ಈ ಲೇಖಕನ ಅಭಿಪ್ರಾಯ.

ಜಾನೆ ಹುಟ್ಟಿದ್ದು 1859ರ ಮೇ ತಿಂಗಳಲ್ಲಿ, ಪ್ಯಾರಿಸ್‌ನಲ್ಲಿ. ಚಿಕ್ಕಂದಿನಿಂದಲೂ ಸಸ್ಯಗಳನ್ನು ಸಂಗ್ರಹಿಸಿ ಒಣಗಿಸಿ ಇಡುವ ಹವ್ಯಾಸ. ಹದಿನೈದರ ವಯಸ್ಸಿನಲ್ಲಿ ಖಿನ್ನತೆಗೆ ಸಿಲುಕಿ, ದೈವಶ್ರದ್ಧೆಯ ಬಿಕ್ಕಟ್ಟನ್ನೂ ಅನುಭವಿಸಿದರು. ದಾರ್ಶನಿಕರಾಗಿದ್ದ ಚಿಕ್ಕಪ್ಪ ಪೌಲ್ ಜಾನೆ ಅವರ ಪ್ರಭಾವದಿಂದ ತತ್ತ್ವಶಾಸ್ತ್ರದತ್ತ ಒಲಿದು, ಎಕೋಲ್ ನಾರ್ಮಾಲ್ ಸುಪೀರಿಯರ್ ಸೇರಿದರು. ಬರ್ಗ್‌ಸನ್ ಮತ್ತು ದರ್ಖೈಮ್ ಅಲ್ಲಿ ಅವರ ಸಮಕಾಲೀನರು. 1883ರಲ್ಲಿ ಲ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ ಶಾಲಾ ಉಪಾಧ್ಯಾಯರಾದರು. ಪಾಠದ ಹೊತ್ತು ಮುಗಿದ ಮೇಲೆ ಆಸ್ಪತ್ರೆಯ ರೋಗಿಗಳನ್ನು ನೋಡುವುದು ಅವರು ತಾವಾಗಿಯೇ ಹಚ್ಚಿಕೊಂಡ ಕೆಲಸ.

ಅಲ್ಲಿ ದೊರೆತ ಮೊದಲ ಕೀರ್ತಿ ಅವರನ್ನು ಸಂತೋಷಪಡಿಸುವ ಬದಲು ಎಚ್ಚರಿಸಿತು. ಲಿಯೋನಿ ಎಂಬ ಮಹಿಳೆಯನ್ನು ದೂರದಿಂದಲೇ ಸಂಮೋಹನಕ್ಕೆ ಒಳಪಡಿಸಬಹುದೆಂಬ ಅವರ ವರದಿ 1885ರಲ್ಲಿ ಪ್ಯಾರಿಸ್‌ನಲ್ಲಿ ಕೋಲಾಹಲವೆಬ್ಬಿಸಿತು. ಇಂಗ್ಲೆಂಡಿನಿಂದಲೂ ಕುತೂಹಲಿಗಳು ಬಂದರು. ಆದರೆ ಆಕೆ ಹಿಂದೆಯೇ ಬೇರೆಯವರಿಂದ ಸಂಮೋಹನಕ್ಕೆ ಒಳಗಾಗಿದ್ದಳೆಂದೂ, ಹೊಸದೆಂದು ತೋರಿದ ಎಷ್ಟೋ ಸಂಗತಿಗಳು ಆಕೆಗೆ ರೂಢಿಯಾಗಿದ್ದವೆಂದೂ ಜಾನೆ ಕಂಡುಕೊಂಡರು. ಅಂದಿನಿಂದ ಪವಾಡಗಳ ತಂಟೆಗೆ ಹೋಗದೆ, ಹಿಂದೆ ಯಾರೂ ಪ್ರಯೋಗಕ್ಕೆ ಒಳಪಡಿಸದ ರೋಗಿಗಳನ್ನು ಹುಡುಕಿ, ಒಬ್ಬರೇ ಕುಳಿತು ಅವರಾಡಿದ ಪ್ರತಿ ಮಾತನ್ನೂ ಬರೆದುಕೊಳ್ಳತೊಡಗಿದರು. ಮುಂದೆ ರೋಗಿಗಳ ನಡುವೆ ಅವರಿಗೆ ಪೆನ್ಸಿಲ್ ಡಾಕ್ಟರ್ ಎಂಬ ಅಡ್ಡಹೆಸರೇ ಬಿತ್ತು.

ಆ ಟಿಪ್ಪಣಿಗಳಿಂದ ರೂಪುಗೊಂಡದ್ದು 1889ರ ಮಹಾಪ್ರಬಂಧ, ಮಾನಸಿಕ ಸ್ವಯಂಚಾಲನೆಯ ಕುರಿತಾದದ್ದು. ಅದರಲ್ಲಿ ಬರುವ ಮರಿ ಎಂಬ 19ರ ಯುವತಿಗೆ ಪ್ರತಿ ಮುಟ್ಟಿನ ವೇಳೆ ಚಳಿ, ಸನ್ನಿ, ಕಿರುಚಾಟ. ಹದಿಮೂರರಲ್ಲಿ ಮೊದಲ ಮುಟ್ಟಿಗೆ ನಾಚಿ, ಅದನ್ನು ನಿಲ್ಲಿಸಲೆಂದು ತಣ್ಣೀರಿನ ತೊಟ್ಟಿಗೆ ಇಳಿದಿದ್ದಳು. ಎಚ್ಚರದಲ್ಲಿ ಅದರ ನೆನಪೇ ಇರಲಿಲ್ಲ. ಸಂಮೋಹನದಲ್ಲಿ ಮಾತ್ರ ಹೊರಬಂದಿತು. ಅಸಹನೀಯವಾದ ಅನುಭವವು ಮನಸ್ಸಿನ ಉಳಿದ ಭಾಗದಿಂದ ಬೇರ್ಪಟ್ಟು, ಉಪಪ್ರಜ್ಞೆಯಲ್ಲಿ ತನ್ನದೇ ಬದುಕನ್ನು ನಡೆಸುತ್ತದೆ ಎಂಬ ಜಾನೆಯವರ ವಿಘಟನಾ ಸಿದ್ಧಾಂತದ ಬೇರು ಇಂಥ ಪ್ರಕರಣಗಳಲ್ಲಿದೆ. ಚಿಕಿತ್ಸೆಗಾಗಿ ಅವರು ಮಾಡಿದ್ದು ಇಂದಿನ ಓದುಗರಿಗೆ ಇರುಸುಮುರುಸು ತಂದೀತು. ಸಂಮೋಹನದಲ್ಲಿ ಆಕೆಯನ್ನು ಹದಿಮೂರಕ್ಕೆ ಕರೆದೊಯ್ದು, ಏನೂ ತೊಂದರೆಯಾಗಲಿಲ್ಲವೆಂದು ನಂಬಿಸಿದರು. ಮರಿ ಗುಣಮುಖಳಾದಳು, ನಿಜ. ಆದರೆ ಒಬ್ಬರ ಗತಕಾಲವನ್ನು ಅವರಿಗೆ ತಿಳಿಯದಂತೆ ತಿದ್ದುವ ಅಧಿಕಾರ ವೈದ್ಯನಿಗೆ ಇದೆಯೇ? ಇಲ್ಲವೆಂದೇ ನನ್ನ ಭಾವನೆ.

ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಗೆ ಬಂದ ಮೇಲೆ ಅವರ ವಿಧಾನ ಪಕ್ವವಾಯಿತು. ಅಲ್ಲಿ ಶಾರ್ಕೋ ಅವರ ಆಶ್ರಯದಲ್ಲಿ ಕೆಲಸ ಮಾಡುತ್ತಲೇ 1893ರಲ್ಲಿ ವೈದ್ಯ ಪದವಿ ಪಡೆದರು. 1904ರಲ್ಲಿ ಪ್ರಕಟವಾದ ಇರೇನ್ ಪ್ರಕರಣ ನನ್ನ ಮಟ್ಟಿಗೆ ಅವರ ಬರವಣಿಗೆಯ ಶಿಖರ. ಬಡ ಮನೆಯ ಈ ಹುಡುಗಿ ಹಗಲು ದುಡಿದು, ರಾತ್ರಿ ಕ್ಷಯದಿಂದ ಸಾಯುತ್ತಿದ್ದ ತಾಯಿಯ ಆರೈಕೆ ಮಾಡುತ್ತ ಸುಮಾರು 60 ರಾತ್ರಿ ಕಳೆದಿದ್ದಳು. ತಂದೆ ಕುಡುಕ. ತಾಯಿ ಸತ್ತ ರಾತ್ರಿ ಶವವನ್ನು ಎಬ್ಬಿಸಿ ಕೂರಿಸಲು ಹೆಣಗಿದಳು. ಅದು ಮಂಚದಿಂದ ಕೆಳಗೆ ಬಿತ್ತು. ಶವಸಂಸ್ಕಾರದಲ್ಲಿ ಅಳಲಿಲ್ಲ, ನಕ್ಕಳು. ತಾಯಿ ತೀರಿಕೊಂಡದ್ದು ನೆನಪಿಲ್ಲ ಎನ್ನುತ್ತಿದ್ದಳು. ಎಲ್ಲರೂ ಹೇಳುವುದರಿಂದ ಇರಬಹುದು ಎನ್ನುತ್ತಿದ್ದಳು. ಆದರೆ ಬರಿಯ ಮಂಚ ಕಣ್ಣಿಗೆ ಬಿದ್ದರೆ ಸಾಕು, ಆ ಇಡೀ ರಾತ್ರಿಯನ್ನು ಗಂಟೆಗಟ್ಟಲೆ, ಒಂದು ವಿವರವನ್ನೂ ಬಿಡದೆ ಅಭಿನಯಿಸುತ್ತಿದ್ದಳು.

ಇಲ್ಲಿ ಜಾನೆ ಕಂಡದ್ದು ಬಲು ಸರಳ, ಬಲು ಆಳ. ಗಂಟೆಗಟ್ಟಲೆ ಮರುಕಳಿಸುವ ಆ ದೃಶ್ಯ ನೆನಪೇ ಅಲ್ಲ. ನೆನಪೆಂದರೆ ಮತ್ತೊಬ್ಬರಿಗೆ ಹೇಳುವ ಕ್ರಿಯೆ. ಕೇಳುವವರಿಗೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಬದುಕಿನ ಕಥೆಯಲ್ಲಿ ಅದಕ್ಕೊಂದು ಜಾಗವಿರುತ್ತದೆ. ದೀರ್ಘ ಚಿಕಿತ್ಸೆಯ ನಂತರ ಇರೇನ್ ತಾಯಿಯ ಸಾವನ್ನು ನಾಲ್ಕು ಮಾತುಗಳಲ್ಲಿ ಹೇಳಬಲ್ಲವಳಾದಳು, ಹೇಳುತ್ತ ಅತ್ತಳು.

ಅರ್ಥಶಾಸ್ತ್ರ ಓದಿದ ನನ್ನಂಥವರಿಗೆ ಜಾನೆ ಮತ್ತೊಂದು ಕಾರಣಕ್ಕೆ ಪ್ರಿಯರಾಗುತ್ತಾರೆ. 1919ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಮಾನಸಿಕ ಚಿಕಿತ್ಸೆಗಳ ಗ್ರಂಥದಲ್ಲಿ ಅವರು ಮನಸ್ಸಿನ ಆಯವ್ಯಯವನ್ನೇ ಮಂಡಿಸುತ್ತಾರೆ. ಮನಃಶಕ್ತಿಗೆ ಆದಾಯ ಉಂಟು, ಖರ್ಚು ಉಂಟು. ಮುಗಿಯದೆ ಉಳಿದ ಅನುಭವವು ತೀರದ ಸಾಲದಂತೆ ಶಕ್ತಿಯನ್ನು ಹೀರುತ್ತಲೇ ಇರುತ್ತದೆ. ದಿವಾಳಿಯಾದವನಿಗೆ ಮನೋಬಲದ ಉಪದೇಶ ನಿಷ್ಪ್ರಯೋಜಕ. ಆದ್ದರಿಂದ ಮೊದಲು ವಿಶ್ರಾಂತಿ, ಸರಳ ದಿನಚರಿ, ಕೈಲಾಗುವ ಕೆಲಸ. ಸಾಲ ತೀರಿಸುವುದು ಆಮೇಲೆ.

ಇಷ್ಟಿದ್ದೂ ಅವರು ಮರೆಯಾದದ್ದೇಕೆ? 1893ರಲ್ಲಿ ಶಾರ್ಕೋ ತೀರಿಕೊಂಡ ಮೇಲೆ ಸಂಮೋಹನಕ್ಕೆ ಇದ್ದ ಮನ್ನಣೆ ಕುಸಿಯಿತು. ಜಾನೆ ಪಂಥ ಕಟ್ಟಲಿಲ್ಲ, ಶಿಷ್ಯರನ್ನು ಸಂಘಟಿಸಲಿಲ್ಲ. ಫ್ರಾಯ್ಡ್ ಎರಡನ್ನೂ ಮಾಡಿದರು. 1893ರ ತಮ್ಮ ಲೇಖನದಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಜಾನೆಯವರನ್ನು ಉಲ್ಲೇಖಿಸಿದ್ದರು. ಆದರೆ 1913ರ ಲಂಡನ್ ವೈದ್ಯ ಸಮ್ಮೇಳನದಲ್ಲಿ ಜಾನೆ ಮನೋವಿಶ್ಲೇಷಣೆಯನ್ನು ಟೀಕಿಸಿ, ಅದರ ಮೂಲ ಕಲ್ಪನೆಗಳಲ್ಲಿ ತಮ್ಮ ಪಾಲನ್ನು ಕೇಳಿದಾಗ ಸಂಬಂಧ ಪೂರ್ತಿ ಹಳಸಿತು. 1937ರಲ್ಲಿ ವಿಯೆನ್ನಾಕ್ಕೆ ಬಂದ ಜಾನೆಯವರನ್ನು ಭೇಟಿಯಾಗಲು ಫ್ರಾಯ್ಡ್ ಒಪ್ಪಲಿಲ್ಲ. ಇಬ್ಬರ ಮುನಿಸಿಗಿಂತ ಮುಖ್ಯವಾದದ್ದು ಬೇರೊಂದಿದೆ. ಬಾಲ್ಯದ ಲೈಂಗಿಕ ದೌರ್ಜನ್ಯವೇ ಹಿಸ್ಟೀರಿಯಾಕ್ಕೆ ಕಾರಣವೆಂಬ 1896ರ ತಮ್ಮ ವಾದದಿಂದ ಮರುವರ್ಷವೇ ಹಿಂದೆ ಸರಿದ ಫ್ರಾಯ್ಡ್, ಕ್ರಮೇಣ ರೋಗಿಯ ಸುಪ್ತ ಬಯಕೆ, ಕಲ್ಪನೆಗಳತ್ತ ಒತ್ತು ಕೊಟ್ಟರು. ನಿಜವಾಗಿ ನಡೆದ ಘಟನೆಯ ಗಾಯವನ್ನು ನೋಡುತ್ತಿದ್ದ ಜಾನೆಯವರ ದೃಷ್ಟಿ ಮೂಲೆಗೆ ಸರಿಯಿತು. ದೌರ್ಜನ್ಯವನ್ನು ಬಾಯಿಬಿಟ್ಟು ಹೇಳಿದರೂ ನಂಬಿಸಲಾಗದೆ ಮರಳಿದ ರೋಗಿಗಳ ಲೆಕ್ಕ ಯಾವ ಕಡತದಲ್ಲೂ ಇಲ್ಲ.

1970ರಲ್ಲಿ ಹೆನ್ರಿ ಎಲೆನ್‌ಬರ್ಗರ್ ಬರೆದ ಸುಪ್ತಪ್ರಜ್ಞೆಯ ಬೃಹತ್ ಇತಿಹಾಸವು ಜಾನೆಯವರನ್ನು ಮರಳಿ ಬೆಳಕಿಗೆ ತಂದಿತು. ಡಚ್ ವಿದ್ವಾಂಸ ಓನೋ ವಾನ್ ಡರ್ ಹಾರ್ಟ್, ಅಮೆರಿಕದ ಬೆಸೆಲ್ ವಾನ್ ಡರ್ ಕೋಲ್ಕ್ ಅವರ ಗ್ರಂಥಗಳನ್ನು ಹೊಸದಾಗಿ ಓದಿದರು. ವ್ಯಕ್ತಿತ್ವ ದೋಷದ ಹಣೆಪಟ್ಟಿ ಹಚ್ಚಿಸಿಕೊಂಡು, ಹಟಮಾರಿಗಳು, ನಾಟಕದವರು ಎನಿಸಿಕೊಂಡಿದ್ದ ಅನೇಕ ಮಹಿಳೆಯರ ಹಿಂದೆ ವರ್ಷಾನುಗಟ್ಟಲೆಯ ಬಾಲ್ಯದ ಹಿಂಸೆಯಿದೆಯೆಂದು ತೋರಿಸಿದ ಜೂಡಿತ್ ಹರ್ಮನ್, 1992ರಲ್ಲಿ ಸಂಕೀರ್ಣ ಆಘಾತೋತ್ತರ ಕಾಯಿಲೆಯೆಂಬ ಹೆಸರನ್ನು ಮುಂದಿಟ್ಟರು. ಅವರು ಹೇಳಿದ ಚಿಕಿತ್ಸಾ ಕ್ರಮದಲ್ಲಿ ಮೊದಲು ಸುರಕ್ಷತೆ, ಅನಂತರ ನೆನಪು ಮತ್ತು ಶೋಕ, ಕಡೆಗೆ ಬದುಕಿನೊಂದಿಗೆ ಮರುಜೋಡಣೆ. ಇದರಲ್ಲಿ ಜಾನೆಯವರ ದಾರಿ ಗುರುತಿಸುವಷ್ಟು ಸ್ಪಷ್ಟವಾಗಿದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಆ ಕಾಯಿಲೆಗೆ ಪ್ರತ್ಯೇಕ ಸ್ಥಾನ ದೊರೆತಿದೆ. ಇರೇನ್‌ಳ ಕಥೆ ಪ್ರಕಟವಾಗಿ ಆಗ 118 ವರ್ಷ.

ಜಾನೆ 5,000ಕ್ಕೂ ಹೆಚ್ಚು ರೋಗಿಗಳ ಕಡತಗಳನ್ನು ಬಿಟ್ಟುಹೋಗಿದ್ದರು. ಅವರ ಇಚ್ಛೆಯಂತೆ ಮರಣಾನಂತರ ಅವನ್ನೆಲ್ಲ ಸುಡಲಾಯಿತು. ಕಡತಗಳ ನಡುವೆಯೇ ಆಯುಷ್ಯ ಸವೆಸಿದ ನನಗೆ ಇದನ್ನು ಓದಿದಾಗ ಮೊದಲು ಅನ್ನಿಸಿದ್ದು ಸಂಕಟ. ಎಂಥ ದಾಖಲೆ ಹಾಳಾಯಿತಲ್ಲ ಎಂದು. ಆದರೆ ಆ ಹಾಳೆಗಳಲ್ಲಿ ಇದ್ದದ್ದು ರೋಗಿಗಳು ಅವರೊಬ್ಬರನ್ನೇ ನಂಬಿ ಆಡಿದ ಮಾತು. ಅದು ಸಂಶೋಧಕರ ಆಸ್ತಿಯಲ್ಲ ಎಂದು ಜಾನೆ ತೀರ್ಮಾನಿಸಿದ್ದರು.