ವಾಲಚಂದ್ ಹೀರಾಚಂದ್ (1882–1953): ಬೆಂಗಳೂರಿನ ವಿಮಾನ ಕಾರ್ಖಾನೆಯ ಸ್ಥಾಪಕರು

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಹೆಚ್.ಎ.ಎಲ್. ಪಾರಂಪರಿಕ ಕೇಂದ್ರ ಹಾಗೂ ವಸ್ತುಸಂಗ್ರಹಾಲಯವು 2001ರಲ್ಲಿ ಸ್ಥಾಪನೆಯಾಯಿತು. ಬಾಡಗಂಡಿ, ಬೀಳಗಿ, ಮುಧೋಳ, ಜಮಖಂಡಿ ಹಾಗೂ ರಬಕವಿ-ಬನಹಟ್ಟಿ ಭಾಗಗಳಿಂದ ರಾಜಧಾನಿಗೆ ಬರುವ ಪ್ರವಾಸಿಗರು ಇಲ್ಲಿಗೂ ಭೇಟಿ ನೀಡಬಹುದಾಗಿದೆ. ಈ ವಿಮಾನಗಳ ಮೂಲದಲ್ಲಿರುವ ವ್ಯಕ್ತಿ ತಮಗೆ ಬೆಂಗಳೂರಿಗಿಂತ ಸಮೀಪವಾದ ಸೊಲ್ಲಾಪುರದವರು ಎಂಬುದು ಈ ಭಾಗದ ಅನೇಕರಿಗೆ ತಿಳಿದಿರಲಾರದು.

ಶ್ರೀ ವಾಲಚಂದ್ ಹೀರಾಚಂದ್ ಅವರು 1882ರ ನವೆಂಬರ್ 23ರಂದು ಸೊಲ್ಲಾಪುರದ ಜೈನ ವ್ಯಾಪಾರಿ ಕುಟುಂಬದಲ್ಲಿ ಜನಿಸಿದರು. ಮನೆತನದ ವ್ಯಾಪಾರಕ್ಕೆ ಒಗ್ಗದೆ ರೈಲ್ವೆ ಗುತ್ತಿಗೆದಾರರಾದರು. 1919ರಲ್ಲಿ ಸಂಗಡಿಗರೊಡನೆ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದರು. ಅದರ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏಪ್ರಿಲ್ 5ನೇ ದಿನವನ್ನು ರಾಷ್ಟ್ರೀಯ ಕಡಲಯಾನ ದಿನವಾಗಿ ಆಚರಿಸಲಾಗುತ್ತಿದೆ.

1939ರಲ್ಲಿ ಪ್ರಯಾಣದ ನಡುವೆ, ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿ ಅವರ ಪರಿಚಯವಾಯಿತು. ಭಾರತದಲ್ಲಿಯೂ ಅಂತಹ ಕಾರ್ಖಾನೆ ಆಗಬೇಕೆಂದು ವಾಲಚಂದ್ ಅವರು ಪ್ರಯತ್ನ ಆರಂಭಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಭೂಮಿಯನ್ನು ಒದಗಿಸಿ ತಾನೂ ಪಾಲುದಾರನಾಯಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ನೋಂದಣಿಯಾಯಿತು. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ಷೇರು ಬಂಡವಾಳದ ಮೂರನೇ ಒಂದು ಭಾಗವನ್ನು ಪಡೆಯಿತು. ಅದೇ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಲಾದ ಹಾರ್ಲೊ ತರಬೇತಿ ವಿಮಾನವು ಹಾರಾಟ ನಡೆಸಿತು. ನೋಂದಣಿಯಾಗಿ ಒಂಬತ್ತು ತಿಂಗಳೂ ತುಂಬಿರಲಿಲ್ಲ. ಇಂದಿನ ಯೋಜನೆಗಳ ಕಡತ ನೋಡುವವರಿಗೆ ಇದು ನಂಬಲು ಕಷ್ಟ.

ಅಷ್ಟರಲ್ಲಿ ಜಪಾನ್ ಯುದ್ಧಕ್ಕಿಳಿದು, ಬರ್ಮಾದವರೆಗೆ ಮುಂದುವರಿಯಿತು. 1942ರಲ್ಲಿ ಭಾರತ ಸರ್ಕಾರವು ವಾಲಚಂದ್ ಅವರ ಪಾಲನ್ನು ಖರೀದಿಸಿ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. ಷೇರುಗಳಿಗೆ ಹಣ ಸಂದಾಯವಾಯಿತು, ಲೆಕ್ಕದ ಪ್ರಕಾರ ಅವರಿಗೆ ನಷ್ಟವಾಗಲಿಲ್ಲ. ಆದರೆ ತಾವೇ ಕಟ್ಟಿದ ಕಾರ್ಖಾನೆಯಲ್ಲಿ ಅವರಿಗೆ ಯಾವ ಸ್ಥಾನವೂ ಉಳಿಯಲಿಲ್ಲ. ಯುದ್ಧಕಾಲದಲ್ಲಿ ಅದು ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು.

ಅವರು ಸುಮ್ಮನೆ ಕೂರಲಿಲ್ಲ. ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ನಿರ್ಮಿತವಾದ 'ಜಲ ಉಷಾ' ಹಡಗನ್ನು 1948ರಲ್ಲಿ ಪ್ರಧಾನಿ ನೆಹರೂ ಅವರು ನೀರಿಗಿಳಿಸಿದರು. 1944ರಲ್ಲಿ ಸ್ಥಾಪಿತವಾದ ಪ್ರೀಮಿಯರ್ ಮೋಟಾರು ಕಂಪನಿಯೂ ಅವರದೇ. 1949ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಮರುವರ್ಷ ಉದ್ಯಮಗಳಿಂದ ನಿವೃತ್ತರಾದರು.

1951ರ ಆಗಸ್ಟ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಹೆಚ್.ಟಿ.-2 ತರಬೇತಿ ವಿಮಾನವು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಆಗ ವಾಲಚಂದ್ ಅವರು ಜೀವಿಸಿದ್ದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು. ಕಂಪನಿಯು 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎಂಬ ಇಂದಿನ ಹೆಸರನ್ನು ಪಡೆಯಿತು.

ವಸ್ತುಸಂಗ್ರಹಾಲಯದಲ್ಲಿ ಮಾರುತ್, ಕಿರಣ್ ಮುಂತಾದ ವಿಮಾನಗಳ ಜೊತೆಗೆ ಹೆಚ್.ಟಿ.-2 ವಿಮಾನವನ್ನೂ ಇರಿಸಲಾಗಿದೆ. ಗಾತ್ರದಲ್ಲಿ ಚಿಕ್ಕದಾದ್ದರಿಂದ ಮಕ್ಕಳು ಅದನ್ನು ದಾಟಿ ಮುಂದೆ ಹೋಗುವ ಸಂಭವವಿದ್ದು, ಜೊತೆಗಿರುವ ಶಿಕ್ಷಕರು ಮೊದಲು ಅದನ್ನೇ ತೋರಿಸುವುದು ಸೂಕ್ತ.