ಪುನೀತ ಫ್ರೆಡ್ರಿಕ್ ಓಜನಾಂ: ದಾನವೂ ನ್ಯಾಯವೂ

ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಬಡವರ ಮನೆಬಾಗಿಲಿಗೆ ತಾವೇ ಹೋಗಿ ನೆರವಾಗುವುದನ್ನು ಕಥೋಲಿಕರೆಲ್ಲರೂ ಬಲ್ಲರು. ಆ ಸಭೆಯ ಸ್ಥಾಪಕರಲ್ಲಿ ಅಗ್ರಗಣ್ಯರಾದ ಫ್ರೆಡ್ರಿಕ್ ಓಜನಾಂ 1813ರ ಏಪ್ರಿಲ್ 23ರಂದು ಮಿಲಾನ್ ನಗರದಲ್ಲಿ, ಫ್ರೆಂಚ್ ವೈದ್ಯರೊಬ್ಬರ ಪುತ್ರರಾಗಿ ಜನಿಸಿದರು. ಅವರು ಬೆಳೆದದ್ದು ಫ್ರಾನ್ಸಿನ ಲಿಯೋನಿನಲ್ಲಿ. 1831ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಬಂದರು.

ಧರ್ಮಸಭೆಯು ಹಿಂದೆ ಮಾಡಿದ್ದನ್ನು ಹೊಗಳುವಿರಿ, ಇಂದು ಬಡವರಿಗಾಗಿ ಮಾಡುತ್ತಿರುವುದೇನು ಎಂದು ಸಹಪಾಠಿಗಳು ಕೇಳಿದ ಪ್ರಶ್ನೆ ಅವರನ್ನು ನಾಟಿತು. 1833ರ ಏಪ್ರಿಲ್ 23ರಂದು ಅವರೂ ಕೆಲವು ಗೆಳೆಯರೂ ಪತ್ರಿಕಾ ಸಂಪಾದಕ ಎಮ್ಯಾನುಯೆಲ್ ಬಾಯಿಯವರ ಕಚೇರಿಯಲ್ಲಿ ಸಭೆ ಸೇರಿದರು. ಧರ್ಮಭಗಿನಿ ರೋಸಲಿ ರೆಂಡು ಅವರಿಗೆ ಬಡವರ ಮನೆಗಳ ದಾರಿ ತೋರಿಸಿದರು. ರೊಟ್ಟಿ, ಸೌದೆಗಳ ಚೀಟಿಗಳನ್ನು ಹಿಡಿದು ಯುವಕರು ಹೊರಟರು.

ಅಂದಿನ ಫ್ರಾನ್ಸಿನಲ್ಲಿ ಈ ಸೇವೆಗೂ ರಾಜಕೀಯದ ನೆರಳು ತಪ್ಪಲಿಲ್ಲ. 1830ರಲ್ಲಿ ಪದಚ್ಯುತನಾದ ದೊರೆಯ ವಂಶಕ್ಕೆ ನಿಷ್ಠರಾಗಿದ್ದ ಅನೇಕ ಸಂಪ್ರದಾಯವಾದಿ ಕುಲೀನರು ಸರ್ಕಾರಿ ಹುದ್ದೆಗಳನ್ನು ತೊರೆದು ದಾನಧರ್ಮದ ಕಾರ್ಯಗಳಿಗೆ ಕೈಹಾಕಿದ್ದರು. ಅವರ ಔದಾರ್ಯ ನಿಜವಾದುದು. ಅದರಿಂದ ಹಸಿದವರ ಹೊಟ್ಟೆ ತುಂಬಿತು. ಆದರೆ ಬಡವರ ಹಕ್ಕುಗಳ ಮಾತು ಬಂದಾಗ ಅವರಲ್ಲಿ ಹಲವರು ಹಿಂಜರಿಯುತ್ತಿದ್ದರು. ಸಭೆಯಾದರೋ ತನ್ನ ಕೂಟಗಳಿಂದ ರಾಜಕೀಯ ಚರ್ಚೆಯನ್ನು ಹೊರಗಿಟ್ಟಿತು.

ಸೊರ್ಬಾನ್ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕರಾಗಿದ್ದ ಓಜನಾಂ, 1848ರ ಫೆಬ್ರವರಿಯಲ್ಲಿ ರಾಜಪ್ರಭುತ್ವ ಉರುಳಿದಾಗ ಗಣರಾಜ್ಯವನ್ನು ಸ್ವಾಗತಿಸಿದರು. ವಂದನೀಯ ಲಕೊರ್ದೇರ್ ಮೊದಲಾದವರೊಡನೆ ಹೊಸ ಪತ್ರಿಕೆಯೊಂದನ್ನು ಆರಂಭಿಸಿದರು. ಜೂನ್ ತಿಂಗಳಲ್ಲಿ ಸರ್ಕಾರವು ನಿರುದ್ಯೋಗಿಗಳ ರಾಷ್ಟ್ರೀಯ ಕಾರ್ಯಾಗಾರಗಳನ್ನು ಮುಚ್ಚಲು ಹೊರಟಾಗ ಪ್ಯಾರಿಸಿನ ಕಾರ್ಮಿಕರು ದಂಗೆಯೆದ್ದರು. ಶಾಂತಿ ಸಂಧಾನಕ್ಕೆ ಮುಂದಾಗಬೇಕೆಂದು ಓಜನಾಂ ಹಾಗೂ ಗೆಳೆಯರು ಮಹಾಧರ್ಮಾಧ್ಯಕ್ಷ ಆಫ್ರರನ್ನು ಬಿನ್ನವಿಸಿದರು. ಆ ಪುಣ್ಯಪುರುಷರು ಜನರ ನಡುವೆ ನಡೆದುಹೋಗಿ ಗುಂಡೇಟಿಗೆ ಗುರಿಯಾಗಿ ಜೂನ್ 27ರಂದು ಪ್ರಾಣ ತೆತ್ತರು.

ಆ ರಕ್ತಪಾತದ ಬಳಿಕ ಆಸ್ತಿವಂತರು ಶಿಸ್ತು, ಸುವ್ಯವಸ್ಥೆಗಳನ್ನೇ ಜಪಿಸತೊಡಗಿದರು. ಓಜನಾಂ ಅವರಿಗೆ ಲೇಖನಗಳ ಮೂಲಕ ಎಚ್ಚರಿಕೆಯಿತ್ತರು: ದಂಗೆ ಅಡಗಿದರೂ ಅದರ ಹಿಂದಿದ್ದ ದಾರಿದ್ರ್ಯ ಅಡಗಿಲ್ಲ, ದಾನವು ಗಾಯಗಳನ್ನು ಆರೈಸುತ್ತದೆ, ಗಾಯವಾಗದಂತೆ ತಡೆಯುವುದು ನ್ಯಾಯದ ಕೆಲಸ. ಪಡೆಯುವವನಿಂದ ತನಗೂ ಕಲಿಯುವುದಿದೆ ಎಂದು ತಿಳಿದು ಕೊಡುವ ನೆರವು ಗೌರವ ತರುತ್ತದೆ, ಹಾಗಲ್ಲದ್ದು ಅವಮಾನ. ಈ ನಿಲುವು ಅನೇಕ ಸಂಪ್ರದಾಯವಾದಿ ಕಥೋಲಿಕರಿಗೆ ಹಿಡಿಸಲಿಲ್ಲ. ಆದರೂ ಅವರಲ್ಲಿ ಕೆಲವರು ಕಾನೂನಿನ ದಾರಿಯನ್ನೂ ತುಳಿದರೆಂಬುದು ಗಮನಾರ್ಹ. ಶಾಸನಸಭೆಯಲ್ಲಿದ್ದ ಅರ್ಮಾಂ ದ ಮೆಲುನ್ ಅವರ ಪರಿಶ್ರಮದಿಂದ ಅನಾರೋಗ್ಯಕರ ವಸತಿಗಳ ಕುರಿತಾದ ಕಾಯಿದೆ 1850ರಲ್ಲಿ ಜಾರಿಗೆ ಬಂದಿತು.

ಕ್ಷೀಣಿಸಿದ ಆರೋಗ್ಯದಿಂದ ಓಜನಾಂ 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನ, ಮಾರ್ಸೇಲಿನಲ್ಲಿ ದೈವಾಧೀನರಾದರು. ವಯಸ್ಸು ಕೇವಲ 40. ಮುಂದೆ 1861ರಲ್ಲಿ, ಸಭೆಯೊಳಗೆ ರಾಜನಿಷ್ಠರ ಪ್ರಭಾವವಿದೆಯೆಂದು ಶಂಕಿಸಿದ ಸಚಿವ ಪೆರ್ಸಿನ್ಯಿ ಅದನ್ನು ಸರ್ಕಾರದ ಹಿಡಿತಕ್ಕೆ ತರಲೆತ್ನಿಸಿದರು. ಪ್ಯಾರಿಸಿನ ಮಹಾಮಂಡಳಿ ವಿಸರ್ಜನೆಯಾಯಿತು. ಆದರೆ ಬಡವರ ಭೇಟಿ ನಿಲ್ಲಲಿಲ್ಲ.

1997ರ ಆಗಸ್ಟ್ 22ರಂದು ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಪುನೀತರೆಂದು ಸಾರಿದರು. ಕೊಡುವ ಕೈ ಯಾವ ಪಕ್ಷದ್ದೇ ಆಗಿರಲಿ, ಬಡವನ ಮುಂದೆ ಅದು ಸಹೋದರನ ಕೈಯಾಗಿರಬೇಕೆಂಬುದೇ ಈ ಗೃಹಸ್ಥ ಭಕ್ತರು ನಮಗೆ ಬಿಟ್ಟುಹೋದ ಆಸ್ತಿ.