ಗೌಹರ್ ಜಾನ್: ಮೈಸೂರಿನಲ್ಲಿ ಮುಗಿದ ಒಂದು ಬದುಕು

ನಮ್ಮ ಹನಗೋಡು, ಹುಣಸೂರು ಕಡೆಯ ಜನ ಕಾಯಿಲೆ ಜೋರಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗುತ್ತಾರೆ. ಅದೇ ಆಸ್ಪತ್ರೆಯಲ್ಲಿ 1930ರ ಜನವರಿ 17ರಂದು 56 ವರ್ಷದ ಒಬ್ಬ ಹೆಂಗಸು ತೀರಿಕೊಂಡರು. ಒಂದು ಕಾಲದಲ್ಲಿ ಇಡೀ ಭಾರತಕ್ಕೆ ಅವರ ದನಿ ಗೊತ್ತಿತ್ತು. ಅವರೇ ಗೌಹರ್ ಜಾನ್. ಉರ್ದುವಿನಲ್ಲಿ ಗೌಹರ್ ಎಂದರೆ ಮುತ್ತು, ರತ್ನ ಎಂದು ಅರ್ಥ.

ಅವರು 1873ರ ಜೂನ್ 26ರಂದು ಉತ್ತರ ಭಾರತದ ಆಜಂಗಢದಲ್ಲಿ ಜನಿಸಿದರು. ಹುಟ್ಟಿದಾಗ ಇಟ್ಟ ಹೆಸರು ಏಂಜಲಿನಾ. ತಂದೆ ಅರ್ಮೇನಿಯನ್ ಮೂಲದವರು. ಮಗಳು ಚಿಕ್ಕವಳಿದ್ದಾಗಲೇ ತಂದೆ ತಾಯಿ ಬೇರೆಯಾದರು. ತಾಯಿ ಮಗಳನ್ನು ಕರೆದುಕೊಂಡು ಬನಾರಸ್‌ಗೆ ಬಂದರು. ಅಲ್ಲಿ ಇಬ್ಬರೂ ಇಸ್ಲಾಂ ಧರ್ಮ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ಮಲ್ಕಾ ಜಾನ್ ಗಾಯಕಿ ಮಾತ್ರವಲ್ಲ, ಉರ್ದು ಕವಯಿತ್ರಿ ಕೂಡ. 1886ರಲ್ಲಿ ಅವರ ಕವನ ಸಂಕಲನ ಅಚ್ಚಾಯಿತು.

ಆ ಹೊತ್ತಿಗೆ ತಾಯಿ ಮಗಳು ಕಲ್ಕತ್ತೆಯಲ್ಲಿ ನೆಲೆಸಿದ್ದರು. ಅವಧದ ನವಾಬ ವಾಜಿದ್ ಅಲಿ ಷಾ ರಾಜ್ಯ ಕಳೆದುಕೊಂಡು ಅಲ್ಲಿಯೇ ವಾಸವಾಗಿದ್ದರಿಂದ ಲಖನೌದ ಸಂಗೀತಗಾರರು, ನೃತ್ಯಗಾರರು ಅನೇಕರು ಆ ಊರು ಸೇರಿದ್ದರು. ಗೌಹರ್ ಜಾನ್ ಹಾಡುವುದನ್ನು ಹಲವು ಉಸ್ತಾದರಿಂದ ಕಲಿತರು. ಕಥಕ್ ನೃತ್ಯವನ್ನು ಪ್ರಸಿದ್ಧ ಬಿಂದಾದೀನ್ ಮಹಾರಾಜರಿಂದ ಕಲಿತರು. 1887ರಲ್ಲಿ ದರ್ಭಂಗಾ ರಾಜರ ಆಸ್ಥಾನದಲ್ಲಿ ಮೊದಲ ಕಚೇರಿ ಮಾಡಿದಾಗ ಅವರಿಗೆ ಇನ್ನೂ 14 ವರ್ಷ.

ಅವರ ಬದುಕು ಬದಲಾದದ್ದು 1902ರ ನವೆಂಬರ್‌ನಲ್ಲಿ. ಗ್ರಾಮಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನನ್ನು ಭಾರತಕ್ಕೆ ಕಳುಹಿಸಿತು. ಆತ ಕಲ್ಕತ್ತೆಯ ಒಂದು ಹೋಟೆಲಿನಲ್ಲಿ ಯಂತ್ರ ಜೋಡಿಸಿದ. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು. ಒಂದು ರಾಗವನ್ನು ಗಂಟೆಗಟ್ಟಲೆ ಹಾಡುವವರು ಸುಮಾರು ಮೂರು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಬೇಕು. ಯಂತ್ರಕ್ಕೆ ಹಾಡಿದರೆ ದನಿ ಹಾಳಾಗುತ್ತದೆ ಎಂದು ಹೆದರಿ ದೊಡ್ಡ ಉಸ್ತಾದರು ಎಷ್ಟೋ ಮಂದಿ ಹಿಂದೆ ಸರಿದರು. ಸಮಾಜ ಕೀಳಾಗಿ ಕಾಣುತ್ತಿದ್ದ ತವಾಯಿಫ್ ಹೆಂಗಸರು ಧೈರ್ಯವಾಗಿ ಮುಂದೆ ಬಂದರು. ಮೂರು ನಿಮಿಷದಲ್ಲಿ ಖಯಾಲ್, ಠುಮ್ರಿಯನ್ನು ಅಂದವಾಗಿ ಹಾಡಿ ಮುಗಿಸುವ ದಾರಿ ತೋರಿಸಿದವರಲ್ಲಿ ಗೌಹರ್ ಜಾನ್ ಮೊದಲ ಸಾಲಿನವರು.

ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಆಗ ರೆಕಾರ್ಡುಗಳನ್ನು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ನಮ್ಮ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಎಂದು ಗೊತ್ತಾಗಬೇಕಿತ್ತು. ಮುಂದೆ ಅಮೆರಿಕದಲ್ಲಿ ಬೆನ್ ಸೆಲ್ವಿನ್ ಎಂಬ ಡ್ಯಾನ್ಸ್ ಬ್ಯಾಂಡ್ ನಾಯಕರಿದ್ದರು. ಅವರು ಸಾವಿರಾರು ಹಾಡುಗಳನ್ನು ಬೇರೆ ಬೇರೆ ಕಂಪನಿಗಳಿಗೆ ಹತ್ತಾರು ಬೇರೆ ಹೆಸರುಗಳಲ್ಲಿ ರೆಕಾರ್ಡ್ ಮಾಡಿದರು. ಎಷ್ಟೋ ಸಲ ಕೇಳುವವರಿಗೆ ಅವರು ಯಾರೆಂದೇ ತಿಳಿಯುತ್ತಿರಲಿಲ್ಲ. ಗೌಹರ್ ಜಾನ್ ಹಾಗಲ್ಲ. 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ರೆಕಾರ್ಡುಗಳಿಗೆ ಹಾಡಿದರು. ಅವರ ಹೆಸರೇ ವ್ಯಾಪಾರದ ಗುರುತಾಯಿತು.

ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹೇಳುತ್ತೇನೆ. ಒಂದು ಸಲದ ಧ್ವನಿಮುದ್ರಣಕ್ಕೆ ಅವರು 3000 ರೂಪಾಯಿ ಕೇಳಿದರು ಎನ್ನುತ್ತಾರೆ. ಆಗ ಒಂದು ಚಿನ್ನದ ಪವನು, ಅಂದರೆ ಬ್ರಿಟಿಷ್ ಸವರನ್ ನಾಣ್ಯದ ಬೆಲೆ 15 ರೂಪಾಯಿ. ಹಾಗಾದರೆ 3000 ರೂಪಾಯಿಗೆ 200 ಪವನು! 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಅವರ ಜೊತೆ ಚಕ್ರವರ್ತಿ ಐದನೇ ಜಾರ್ಜ್ ಮುಂದೆ ಹಾಡಿದರು. ಅವರ ಚಿತ್ರ ಬೆಂಕಿಪೊಟ್ಟಣದ ಮೇಲೂ ಬಂತು.

ಅವರ ಸ್ವಾಭಿಮಾನಕ್ಕೆ ಒಂದು ಪ್ರಸಂಗ ಹೇಳುತ್ತಾರೆ. ಗಾಂಧೀಜಿ ಸ್ವರಾಜ್ಯ ನಿಧಿಗೆ ಹಣ ಕೂಡಿಸಿಕೊಡಲು ಕೇಳಿದಾಗ, ಕಚೇರಿಗೆ ಅವರೇ ಬರಬೇಕು ಎಂದು ಗೌಹರ್ ಜಾನ್ ಷರತ್ತು ಹಾಕಿದರಂತೆ. ಗಾಂಧೀಜಿ ಬರಲಾಗದೆ ಮೌಲಾನಾ ಶೌಕತ್ ಅಲಿ ಅವರನ್ನು ಕಳುಹಿಸಿದರು. ಕೂಡಿದ್ದ 24,000 ರೂಪಾಯಿಯಲ್ಲಿ ಗೌಹರ್ ಜಾನ್ 12,000 ಮಾತ್ರ ಕೊಟ್ಟರಂತೆ. ಅರ್ಧ ಮಾತು ನಡೆದಿದೆ, ಆದ್ದರಿಂದ ಅರ್ಧ ಹಣ ಎಂಬುದು ಅವರ ಲೆಕ್ಕ.

ಆದರೆ ಬಂದ ಹಣ ಉಳಿಯಲಿಲ್ಲ. ಕೈ ಬಿಚ್ಚಿ ಖರ್ಚು ಮಾಡುವ ಸ್ವಭಾವ ಒಂದು ಕಡೆ, ಕೋರ್ಟು ಖರ್ಚು ಇನ್ನೊಂದು ಕಡೆ. 1906ರಲ್ಲಿ ತಾಯಿ ತೀರಿಕೊಂಡ ಮೇಲೆ, ಮನೆಯಲ್ಲೇ ಬೆಳೆದಿದ್ದ ಒಬ್ಬಾತ ತಾನೇ ಮಲ್ಕಾ ಜಾನ್ ಅವರ ಮಗ, ಆಸ್ತಿ ತನ್ನದು ಎಂದು ದಾವೆ ಹಾಕಿದ. ತಾನು ತನ್ನ ತಾಯಿಯ ಮಗಳು ಎಂಬುದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಾದ ಸ್ಥಿತಿ ಬಂತು! ಆ ಮೊಕದ್ದಮೆ ಗೆದ್ದರೂ, ಮುಂದೆ ನಂಬಿದ ಕಾರ್ಯದರ್ಶಿಯ ಜೊತೆ ಮತ್ತೆ ವ್ಯಾಜ್ಯವಾಯಿತು. ಹೀಗೆ ಆಸ್ತಿ ಕರಗಿತು.

ಕೊನೆಗೆ ಆಶ್ರಯ ಕೊಟ್ಟದ್ದು ನಮ್ಮ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು ಸಂಗೀತಗಾರರಲ್ಲಿ ಭೇದ ಮಾಡಿದವರಲ್ಲ. ಅರಮನೆಯಲ್ಲಿ ವೀಣೆಯೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ಉಸ್ತಾದ್ ಫಯಾಜ್ ಖಾನ್ ಅವರಿಗೆ ಸಂಗೀತದ ಸೂರ್ಯ ಎಂಬ ಅರ್ಥದ ಆಫ್ತಾಬ್-ಎ-ಮೌಸಿಕಿ ಬಿರುದು ಕೊಟ್ಟದ್ದೂ ಮೈಸೂರೇ. ಗೌಹರ್ ಜಾನ್ 1928ರ ಆಗಸ್ಟ್ 1ರಂದು ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಅರಮನೆಯ ವಿದುಷಿಯಾದರು. ಇಲ್ಲಿ ಇದ್ದದ್ದು ಒಂದೂವರೆ ವರ್ಷ ಮಾತ್ರ.

ಹಣ, ಮನೆ, ಒಡವೆ ಯಾವುದೂ ಅವರ ಜೊತೆ ಉಳಿಯಲಿಲ್ಲ. ಆದರೆ ಅವರ ಹಳೆಯ ರೆಕಾರ್ಡುಗಳು ಇಂದು ಮೊಬೈಲಿನಲ್ಲೂ ಸಿಗುತ್ತವೆ. ಗರಗರ ಸದ್ದಿನ ನಡುವೆ ಹಾಡು ಮುಗಿಯುತ್ತದೆ, ಆಮೇಲೆ ಅವರು ತಮ್ಮ ಹೆಸರು ಹೇಳುತ್ತಾರೆ. ಹ್ಯಾನೋವರ್‌ನ ಕೆಲಸಗಾರರಿಗಾಗಿ ಹೇಳಿದ ಆ ಹೆಸರು ಈಗ ನಮಗೂ ಕೇಳಿಸುತ್ತದೆ. ಗೆಳೆಯರೇ, ಇನ್ನು ಮುಂದೆ ಕೆ.ಆರ್. ಆಸ್ಪತ್ರೆಯ ಮುಂದೆ ಬಸ್ಸಿನಲ್ಲಿ ಹೋಗುವಾಗ ಅವರನ್ನೊಮ್ಮೆ ನೆನೆಯೋಣ.